ಹಳ್ಳಕ್ಕೆ ಸುರಿದ ಹಲಸು

"ನಾನು ಓದಿದ್ದು ನಾಲ್ಕನೇ ಕ್ಲಾಸು ಕಣೇ ಯಲ್ಲಮ್ಮ. ಆದ್ರೆ ಚಿಕ್ಕೋಳಿದ್ದಾಗ ಭಾನುವಾರ ಪೂಜೆ ಮುಗಿದ್ಮೇಲೆ ಇಗರ್ಜಿ ಹಿಂದೆ ಕೂರ್ಸಿ ದೊತೊರ್ನ್ ಹೇಳ್ಕೊಡ್ತಿದ್ರು. ದೊತೊರ್ನ್ ಅಂದ್ರೆ ನಮ್ಮ ಧರ್ಮದ ಪಾಠ. ಒಬ್ರು ಮುದುಕ ಫಾದರ್, ಬಾಯಲ್ಲಿ ಹಲ್ಲಿಲ್ಲ, ಅವ್ರು ಮಾತಾಡಿದ್ರೆ ನಾವು ನಗೋದು. ಅವ್ರು ಹೇಳೋರು, ಏನೇ ಮಾಡೋಕೆ ಮುಂಚೆ ಮೂರು ಕಡೆ ನೋಡ್ರೋ ಮಕ್ಳಾ ಅಂತ. ಕೈ ಏನು ಮಾಡ್ತಿದೆ ನೋಡಿ. ಮನ್ಸು ಯಾತಕ್ಕೆ ಮಾಡ್ತಿದೆ ನೋಡಿ. ಆಮೇಲೆ ಅದು ಹೋಗಿ ಯಾರ ತಲೆ ಮೇಲೆ ಬೀಳತ್ತೆ ನೋಡಿ. ಮೂರೂ ನೆಟ್ಟಗಿದ್ರೆ ಮಾಡಿ, ಒಂದು ಸೊಟ್ಟ ಆದ್ರೂ ನಿಲ್ಲಿ. ಮೊದಲೆರಡು ನಂಗೆ ಕಷ್ಟ ಆಗಿಲ್ಲ ಮಾರಾಯ್ತಿ. ಕದಿಯೋ ಕೈ ಅಲ್ಲ, ಕೇಡು ಬಯಸೋ ಮನ್ಸೂ ಅಲ್ಲ. ಆ ಮೂರನೇದಿದೆಯಲ್ಲ, ಅದು ಕಣ್ಣಿಗೇ ಬೀಳಲ್ಲ. ಬೇಲಿ ಆಚೆ ಇರತ್ತೆ ನೋಡು, ಅದಕ್ಕೆ."

ನನಗೆ ಹೀಗೆ ಹೇಳಿದವರು ಸೆವ್ರಿನಮ್ಮ. ನಾವು ಬಾಯಮ್ಮ ಅಂತಲೇ ಕರೆಯುವುದು. ಗೋಣಿಬೀಡಿನಿಂದ ಒಳಗೆ ಬಂದರೆ ಹಳ್ಳದ ಮೇಲಿನ ಏರಿನಲ್ಲಿ ಅವರ ಸಣ್ಣ ಕಾಫಿ ತೋಟ. ಗಂಡ ಗ್ರೆಗರಿ ಪರ್ಬುಗಳು ತೀರಿಕೊಂಡ ಮೇಲೆ ಅವರೇ ನೋಡಿಕೊಳ್ಳುತ್ತಾರೆ. ಅದರ ಮೇಲುಗಡೆ ಸೋಮಶೇಖರಪ್ಪನವರ ದೊಡ್ಡ ಎಸ್ಟೇಟು, ಸುತ್ತ ಕರೆಂಟು ಬೇಲಿ. ಹಳ್ಳದ ಕೆಳಗೆ ನಮ್ಮ ಲೈನ್ ಮನೆಗಳು, ಎಸ್ಟೇಟಿನ ಕೂಲಿಯವರ ಸಾಲುಮನೆಗಳು. ನಮ್ಮವರೆಲ್ಲ ಸೋಮಶೇಖರಪ್ಪನವರಲ್ಲೇ ಕೆಲಸಕ್ಕೆ ಹೋಗುವುದು, ಹಳ್ಳದ ಪಕ್ಕದ ಕಾಲುದಾರಿ ಹಿಡಿದು. ನಾನೂ ಮೈಯಲ್ಲಿ ಶಕ್ತಿ ಇರುವಷ್ಟು ಕಾಲ ಅದೇ ದಾರಿಯಲ್ಲಿ ನಡೆದವಳು. ಈಗ ನನ್ನ ಸೊಸೆ ಯಶೋದಾ ನಡೆಯುತ್ತಾಳೆ.

ಹಲಸು ಬಲಿಯುವ ಕಾಲಕ್ಕೆ ನಮ್ಮಲ್ಲಿ ಆನೆಯ ಭಯ. ವಾಸನೆ ಹಿಡಿದರೆ ಅದು ಎಲ್ಲಿಂದಲಾದರೂ ಬರುತ್ತದೆ. ಅದಕ್ಕೇ ತೋಟದವರು ಹಣ್ಣಾಗುವ ಮೊದಲೇ ಕಾಯಿ ಕೆಡವಿಸಿ ಬೇಲಿಯಾಚೆ ಹಾಕಿಸಿಬಿಡುತ್ತಾರೆ. ಹಿಂದಿನ ವರ್ಷಗಳಲ್ಲಿ ಬಾಯಮ್ಮ ಗುಂಡಿ ತೋಡಿ ಹೂಳುತ್ತಿದ್ದರು. ಹೋದ ವರ್ಷ ಮಂಡಿ ನೋವು, ಗುಂಡಿ ತೋಡಿಸಲು ಆಳು ಸಿಗಲಿಲ್ಲ. ಸೋಮಶೇಖರಪ್ಪನವರು, "ಹಳ್ಳಕ್ಕೆ ಹಾಕ್ಸಿ ಬಾಯಮ್ಮ, ಅದು ಯಾರ ಜಾಗಾನೂ ಅಲ್ಲ" ಅಂದರು. ಅವರ ಆಳು ಸುಬ್ಬಣ್ಣ ಗೋಣಿಚೀಲದಲ್ಲಿ ಹೊತ್ತು ಹಳ್ಳಕ್ಕೆ ಸುರಿದ. ಬಾಯಮ್ಮ ಜಗಲಿಯಲ್ಲಿ ಕೂತು ನೋಡಿದರು, ಬೇಡ ಅನ್ನಲಿಲ್ಲ.

ಸುರಿದ ಕಾಯಿ ಹಳ್ಳದಲ್ಲೇ ಹಣ್ಣಾಯಿತು. ಒಂದು ಬೆಳಿಗ್ಗೆ ನಾನು ಹಾಲಿಗೆ ಅಂತ ಅವರ ಮನೆಗೆ ಹೋಗಿದ್ದೆ. ಚೊಂಬು ಕೆಳಗಿಡುವಷ್ಟರಲ್ಲಿ ತೋಟದಲ್ಲಿ ಕೊಂಬೆ ಮುರಿದ ಸದ್ದು. ಅಡುಗೆಮನೆ ಕಿಟಕಿಯಿಂದ ನೋಡಿದರೆ ಒಂಟಿ ಸಲಗ. ಹಳ್ಳದಲ್ಲಿ ಬೇಕಾದಷ್ಟು ತಿಂದು, ಮೇಲೆ ಹತ್ತಿ, ಕೆಡವದೆ ಇನ್ನೂ ಕೆಲವು ಹಣ್ಣು ಉಳಿದಿದ್ದ ದೊಡ್ಡ ಹಲಸಿನ ಮರದ ಬುಡದಲ್ಲಿ ನಿಂತಿತ್ತು. ಆ ಮರಕ್ಕೆ ಗ್ರೆಗರಿ ಪರ್ಬುಗಳು ಹಬ್ಬಿಸಿದ ಮೆಣಸಿನ ಬಳ್ಳಿ.

ಅಷ್ಟರಲ್ಲಿ ಸೋಮಶೇಖರಪ್ಪನವರ ಮಗ ವೀರೇಂದ್ರ ಇಬ್ಬರನ್ನು ಕಟ್ಟಿಕೊಂಡು ಹಿಂಬಾಗಿಲಿಂದ ಬಂದ. ಕೈಯಲ್ಲಿ ಪಟಾಕಿ.

"ಆಂಟಿ, ನೀವು ಹೂಂ ಅನ್ನಿ ಸಾಕು. ಎರಡು ಹಚ್ಚಿದ್ರೆ ಓಡತ್ತೆ."

"ಓಡತ್ತೆ. ಎಲ್ಲಿಗೆ ಓಡತ್ತೆ?"

"ಎಲ್ಲಿಗಾದ್ರೂ ಓಡ್ಲಿ, ನಿಮ್ಮ ತೋಟ ಉಳಿಯತ್ತಲ್ಲ."

ಮೇಲೆ ಕರೆಂಟು ಬೇಲಿ, ಓಡಿದರೆ ಹಳ್ಳಕ್ಕೇ. ಎಸ್ಟೇಟಿನಲ್ಲಿ ಬೆಳಗಿನ ಹಾಜರಿ ಹಾಕಿಸಲು ಹೊರಟ ಹೆಂಗಸರೆಲ್ಲ ಅದೇ ಹೊತ್ತಿಗೆ ಹಳ್ಳದ ದಾರಿಯಲ್ಲಿ. "ಬಾಯಮ್ಮ, ಯಶೋದಾ ಹೊರಟಾಗಿದೆ" ಅಂದೆ. ಹಳ್ಳದೊಳಗೆ ಫೋನೂ ಸಿಗುವುದಿಲ್ಲ.

ಬಾಯಮ್ಮ ವೀರೇಂದ್ರನ ಕಡೆ ತಿರುಗಿದರು. "ಕೆಳಗಿರೋದು ನಿಮ್ಮನೆ ಆಳುಗಳೇ ಕಣೋ. ನಿಂಗೆ ಅಷ್ಟು ಓಡಿಸ್ಲೇಬೇಕು ಅಂದ್ರೆ ಮೇಲಿನ ಬೇಲಿ ಕರೆಂಟು ತೆಗ್ಸು, ಗೇಟು ತೆಗಿ. ನಿಮ್ಮ ತೋಟದೊಳಗೆ ಓಡ್ಲಿ."

"ಅಯ್ಯೋ ಆಂಟಿ, ಅಲ್ಲಿ ನರ್ಸರಿ ಇದೆ. ಸಸಿ ಎಲ್ಲ ಹೋಗ್ಬಿಡತ್ತೆ."

"ಓಹೋ! ಸಸಿ ಲೆಕ್ಕ ಚೆನ್ನಾಗಿಟ್ಟಿದೀಯ."

ಅವನ ಜೊತೆ ಬಂದವರು ಮುಖ ತಿರುಗಿಸಿ ನಕ್ಕರು. ವೀರೇಂದ್ರ ಬಿಡಲಿಲ್ಲ. "ನಿಮ್ಮದು ನೀವು ಉಳಿಸ್ಕೊಂಡ್ರೆ ಪಾಪ ಏನಿದೆ ಆಂಟಿ? ಯಾರಿಗೋ ತೊಂದ್ರೆ ಆಗ್ಲಿ ಅಂತ ಹಚ್ತೀವಾ?"

"ಪಾಪ ಇಲ್ಲ, ನಂಗೆ ಗೊತ್ತಿಲ್ದೇ ಇದ್ದಿದ್ರೆ. ಹೆಂಗಸ್ರು ದಾರೀಲಿದಾರೆ ಅಂತ ಯಲ್ಲಮ್ಮ ಈಗ ಹೇಳಿದ್ಳಲ್ಲ. ಗಿಡ ಉಳಿಸ್ಕೊಳ್ಳೋಕೆ ಅವ್ರ ಮೇಲೆ ಆನೆ ಅಟ್ಟಕ್ಕಾಗತ್ತಾ? ತಿನ್ಲಿ ಬಿಡು. ಫಾರೆಸ್ಟಿನೋರಿಗೆ ಫೋನ್ ಮಾಡು, ಪಟಾಕಿ ಜೇಬಿಗೆ ಹಾಕು."

ಆನೆ ಸೊಂಡಿಲಿಗೆ ಬಳ್ಳಿ ಸುತ್ತಿ ಎಳೆಯಿತು. ಅಷ್ಟುದ್ದ ಬಳ್ಳಿ ಸೀರೆ ಜಾರಿದ ಹಾಗೆ ಜಾರಿ ಬಿತ್ತು. ಬಾಯಮ್ಮ ಹಣೆಗೂ ಎದೆಗೂ ಕೈ ಮುಟ್ಟಿಸಿ ಶಿಲುಬೆ ಗುರುತು ಮಾಡಿಕೊಂಡರು. ಇನ್ನೊಂದು ಕೈ ನನ್ನ ಕೈಯನ್ನು ಹಿಡಿದಿತ್ತು.

ಸ್ವಲ್ಪ ಹೊತ್ತಿಗೆ ವೀರೇಂದ್ರನ ಫೋನು ಬಡಿದುಕೊಂಡಿತು. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರು. ಹೆಂಗಸರೆಲ್ಲ ಹಾಜರಿಗೆ ಬಂದು ಮುಟ್ಟಿದ್ದರು. "ಈಗ ಹಚ್ಲಾ?" ಅಂದ ವೀರೇಂದ್ರ. "ಲೈನಲ್ಲಿ ಮುದುಕ್ರು ಮಕ್ಳು ಇದಾರೆ, ಸುಮ್ನಿರು" ಅಂದರು ಬಾಯಮ್ಮ. ಫಾರೆಸ್ಟಿನವರು ಬಂದು ಲೈನಿನವರನ್ನೆಲ್ಲ ಮನೆಯೊಳಗೆ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಆನೆ ಹೊಟ್ಟೆ ತುಂಬಿಸಿಕೊಂಡು, ಯಾರ ಗೊಡವೆಯೂ ಇಲ್ಲದೆ ಹಳ್ಳದ ಗುಂಟ ಕಾಡು ಸೇರಿತು.

ಸಂಜೆ ನಾನೂ ಯಶೋದಾನೂ ಕೈಮುಗಿಯಲು ಹೋದೆವು. ಬಾಯಮ್ಮ ಹಳ್ಳದಲ್ಲಿದ್ದರು. ಮಂಡಿಗೆ ಬಟ್ಟೆ ಸುತ್ತಿಕೊಂಡು, ಉಳಿದಿದ್ದ ಕೊಳೆತ ಹಲಸನ್ನು ಬುಟ್ಟಿಗೆ ಹೆಕ್ಕುತ್ತಿದ್ದರು.

"ನಂಗ್ಯಾಕೆ ಕೈಮುಗೀತೀರ? ಅದನ್ನ ಕರ್ಸಿದ್ದೇ ನಾನು. ಸುಬ್ಬಣ್ಣ ಸುರೀವಾಗ ನಾನು ನೋಡ್ಕೊಂಡು ಕೂತಿದ್ದೆನಲ್ಲ."

"ಬಿಡಿ ಬಾಯಮ್ಮ, ಎಲ್ರೂ ಹಾಕ್ತಾರೆ" ಅಂದೆ. "ಅಷ್ಟಕ್ಕೂ ನಿಮ್ಮಲ್ಲಿ ಫಾದರ್ ಹತ್ರ ತಪ್ಪು ಹೇಳ್ಕೊಂಡ್ರೆ ಕ್ಷಮೆ ಸಿಗತ್ತಂತಲ್ಲ."

"ಕ್ಷಮೆ ದೇವ್ರು ಕೊಡ್ತಾರೆ ಮಾರಾಯ್ತಿ. ಹಲಸಿನಹಣ್ಣು ಯಾರು ಹೆಕ್ತಾರೆ? ಫಾದರ್ ಬರ್ತಾರಾ ಬುಟ್ಟಿ ಹಿಡ್ಕೊಂಡು?"

ಯಶೋದಾ ನಗುತ್ತಲೇ ಸೆರಗು ಸಿಕ್ಕಿಸಿಕೊಂಡು ಹಳ್ಳಕ್ಕಿಳಿದಳು. ಗುಂಡಿಯನ್ನು ನಮ್ಮ ಲೈನಿನ ಗಂಡಸರು ತೋಡಿದರು. ಗುಂಡಿಯ ದಂಡೆಯಲ್ಲಿ ಕೂತಿದ್ದಾಗಲೇ ಬಾಯಮ್ಮ ನನಗೆ ಆ ಹಲ್ಲಿಲ್ಲದ ಫಾದರ್ ಕತೆ ಹೇಳಿದ್ದು.

ನಮ್ಮ ದೇವರು ಬೇರೆ, ಅವರ ದೇವರು ಬೇರೆ. ಆದರೆ ಯಶೋದಾ ಊಟದ ಡಬ್ಬಿ ಹಿಡಿದು ಹಳ್ಳದ ದಾರಿಗೆ ಇಳಿದಾಗಲೆಲ್ಲ ನಾನು ಆ ಏರಿನ ಮನೆಯ ಕಡೆಗೊಮ್ಮೆ ನೋಡುತ್ತೇನೆ. ವೀರೇಂದ್ರ ಈ ವರ್ಷ ತಮ್ಮ ತೋಟದ ಹಲಸಿಗೂ ಗುಂಡಿ ತೋಡಿಸಿದ್ದಾನೆ. ಅವನ ಅಪ್ಪ ಇನ್ನೂ ಗೊಣಗುತ್ತಲೇ ಇದ್ದಾರಂತೆ.

ಕಿತ್ತು ಹೋದ ಬಳ್ಳಿಯ ಬುಡದಲ್ಲಿ ಚಿಗುರು ಬಂದಿದೆ. ಎಳೆ ಹಲಸು ಈಗ ಲೈನಿನ ಮನೆಮನೆಗೂ ಪಲ್ಯಕ್ಕೆ ಬರುತ್ತದೆ. ಇವತ್ತೂ ಬಾಯಮ್ಮನ ಜಗಲಿಯಲ್ಲಿ ಇಬ್ಬರೂ ಕೈಗೆ ಎಣ್ಣೆ ಸವರಿಕೊಂಡು ಕೂತಿದ್ದೆವು. ಅವರು ಕಾಯಿ ಹೆಚ್ಚಿದರು, ನಾನು ಅಂಟು ಒರೆಸಿ ಬುಟ್ಟಿಗೆ ಹಾಕಿದೆ. ಕೊಟ್ಟಿಗೆಯಲ್ಲಿ ಹಸು ಕೂಗಿತು. ಸಿಪ್ಪೆಯನ್ನೆಲ್ಲ ಬಾಚಿ ಮೊರಕ್ಕೆ ತುಂಬಿಕೊಂಡು ಎದ್ದೆ, ಹಸುವಿನ ಕಲಗಚ್ಚಿನ ಬಾನಿಗೆ ಸುರಿದೆ.