ಆರಾಮಿಲ್ರಿ

ಕೂತಲ್ಲಿ ಕಾಲು ಅಲ್ಲಾಡಿಸುವುದು ನನ್ನ ಹುಟ್ಟುಗುಣ. ದರಿದ್ರ ಬರುತ್ತೆ ಕಣೇ ಎಂದು ಅಮ್ಮ ತೊಡೆಗೆ ಏಟು ಕೊಟ್ಟು ಕೊಟ್ಟು ಸೋತಳು. ಇಂಥವಳು ಆಪ್ತಸಮಾಲೋಚಕಿ ಆಗುತ್ತೇನೆಂದು ಹೊರಟಾಗ ಮನೆಯಲ್ಲಿ ಎಲ್ಲರೂ ನಕ್ಕರು. "ನಿನ್ನನ್ನ ಸಮಾಧಾನ ಮಾಡಕ್ಕೇ ಒಬ್ರು ಬೇಕು, ನೀನು ಯಾರಿಗೆ ಮಾಡ್ತೀಯ?" ಎಂದು ನನ್ನ ಯಜಮಾನರು ಕಾಫಿ ಲೋಟ ಕೆಳಗಿಡದೆಯೇ ಕೇಳಿದರು. ನಾನು ಹಟಕ್ಕೆ ಬಿದ್ದು ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಕಲಿತೆ. ಸರ್ಟಿಫಿಕೇಟು ಬಂತು, ಕಾಲು ನಿಲ್ಲಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಮ್ಮನೆ ಅಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಜಯನಗರದ ಒಂದು ಕ್ರಾಸಿನಲ್ಲಿ, ಹಿಟ್ಟಿನ ಮಿಲ್ಲಿನ ಮೇಲೆ ನಮ್ಮ ಕೋಣೆ. ನನಗೆ ಪಾಠ ಹೇಳಿದ ಹಿರಿಯ ಮೇಡಂ ಅದನ್ನು ನಡೆಸುತ್ತಿದ್ದರು. ಮಂಗಳವಾರ, ಶುಕ್ರವಾರ ಸಂಜೆ ನನಗೆ ಬಿಟ್ಟುಕೊಟ್ಟಿದ್ದರು. ಕುಮಾರಸ್ವಾಮಿ ಲೇಔಟ್‌ನಿಂದ ಸ್ಕೂಟರಿನಲ್ಲಿ ಬಂದು, ಮೆಟ್ಟಿಲು ಹತ್ತಿ, ಕಿಟಕಿ ತೆರೆದು, ಫ್ಯಾನನ್ನು ಐದಕ್ಕೆ ತಿರುಗಿಸಿ ಕೂರುತ್ತಿದ್ದೆ. ಕೆಳಗೆ ರಾಗಿ ಬೀಸುವಾಗ ನಮ್ಮ ನೆಲ ಗುಂಯ್ ಎಂದು ಅದುರುತ್ತಿತ್ತು. ಬೇರೆಯವರಿಗೆ ಅದು ಕಿರಿಕಿರಿ, ನನಗೆ ಮಾತ್ರ ಹಿತ. ಅಲ್ಲಾಡುತ್ತಿರುವವಳು ನಾನೊಬ್ಬಳೇ ಅಲ್ಲವಲ್ಲ.

ಡಿಸೆಂಬರಿನ ಒಂದು ಶುಕ್ರವಾರ ಅವರು ಬಂದರು. ಮೂವತ್ತೈದು ದಾಟಿರಬಹುದು. ಬಿಜಾಪುರದ ಕಡೆಯವರು, ಬಿಟಿಎಂನಲ್ಲಿ ಬಾಡಿಗೆ ಮನೆ, ಹೆಂಡತಿ, ಒಬ್ಬಳು ಸಣ್ಣ ಮಗಳು. ಜಯನಗರದಲ್ಲೇ ಒಬ್ಬ ಎಂಜಿನಿಯರ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ. ಮನೆಗಳ ಪ್ಲಾನನ್ನು ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ಎಳೆಯುವುದು. ಕುರ್ಚಿಯ ತುದಿಯಲ್ಲಿ ಕೂತರು. ಎರಡೂ ಕೈಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡರು.

"ಹೇಳಿ ಸಾರ್," ಎಂದೆ.

"ಮೇಡಂರೀ, ನನಗ ಆರಾಮಿಲ್ರಿ."

ಅಷ್ಟೇ ಹೇಳಿದ್ದು. ನಾನು ನೋಟ್‌ಬುಕ್ಕಿನಲ್ಲಿ ಬರೆದೆ: ಆರಾಮ ಇಲ್ಲ. ಕೆಳಗೆ ಎರಡು ಗೀಟೂ ಎಳೆದೆ. ಒಂದೇ ಮಾತಿನಲ್ಲಿ ತನ್ನ ಕಷ್ಟವನ್ನೆಲ್ಲ ಹೇಳಿಬಿಟ್ಟರಲ್ಲ ಎಂದು ಖುಷಿಯಾಯಿತು. ಬಂದವರ ಮಾತನ್ನೇ ಹಿಡಿ, ನಿನ್ನ ಮಾತನ್ನು ಅವರ ಬಾಯಲ್ಲಿ ತುರುಕಬೇಡ ಎಂದು ಮೇಡಂ ಕಲಿಸಿದ್ದರು. ಹಿಡಿದೆ.

ಮಿಕ್ಕಿದ್ದನ್ನು ಕೇಳಿ ಕೇಳಿ ಹೊರಡಿಸಿದೆ. ಎದೆ ಡವಡವ ಎನ್ನುತ್ತದೆ. ರಾತ್ರಿ ಕಣ್ಣು ಹತ್ತುವುದಿಲ್ಲ. ಬೆವರು. ಸಣ್ಣದಕ್ಕೆಲ್ಲ ಹೆಂಡತಿಯ ಮೇಲೆ ರೇಗಾಟ. ಎಲ್ಲಕ್ಕಿಂತ ಹೆಚ್ಚಾಗಿ ಕೈ ನಡುಕ. ಗೋಡೆಯ ಗೆರೆ ಎಳೆದರೆ ಹಾವು ಹರಿದ ಹಾಗೆ ಬರುತ್ತಿತ್ತಂತೆ. ಬ್ಲೇಡಿನಲ್ಲಿ ಕೆರೆದು ಮತ್ತೆ ಎಳೆದು, ಪೇಪರೇ ತೂತು. ಆಫೀಸಿಗೆ ಎರಡು ಕಂಪ್ಯೂಟರು ಬಂದಿದ್ದವು. ಎಂಜಿನಿಯರು ಕರೆದು, "ಯುಗಾದಿವರೆಗೂ ನೋಡ್ತೀನಿ. ಕೈ ಸರಿಯಾದ್ರೆ ನಿಮ್ಮ ಡ್ರಾಯಿಂಗ್ ಬೋರ್ಡು ಇರುತ್ತೆ, ಇಲ್ದಿದ್ರೆ ಆ ಜಾಗಕ್ಕೆ ಮೂರನೇ ಕಂಪ್ಯೂಟರ್ ಹಾಕ್ತೀನಿ," ಎಂದಿದ್ದರು.

ಇನ್ನೇನು ಬೇಕು? ಕಂಪ್ಯೂಟರು ಬಂತು, ಹೆದರಿಕೆ ಹುಟ್ಟಿತು, ಹೆದರಿಕೆ ಕೈಗಿಳಿಯಿತು. ನನ್ನ ಪಾಲಿಗೆ ಲೆಕ್ಕ ಅಲ್ಲಿಗೇ ಮುಗಿದಿತ್ತು. ಯುಗಾದಿಯೊಳಗೆ ಈ ಮನುಷ್ಯನ ಕೈ ನಿಲ್ಲಿಸಿಯೇ ತೀರುತ್ತೇನೆಂದು ಒಳಗೊಳಗೇ ಪಣ ತೊಟ್ಟೆ. ಹೊರಡುವಾಗ ಅವರು ಬಾಗಿಲ ಹತ್ತಿರ ನಿಂತು, "ಇದರಿಂದ ಆರಾಮ ಆಗ್ತದೇನ್ರೀ? ಇಲ್ಲಾ ದವಾಖಾನಿಗೆ ಹೋಗ್ಲ್ಯಾ?" ಎಂದು ಕೇಳಿದರು. ನಿದ್ದೆ ಮಾತ್ರೆ ಕೇಳುತ್ತಿದ್ದಾರೆ ಎಂದುಕೊಂಡೆ. "ಮಾತ್ರೆಗೀತ್ರೆ ಯಾಕೆ ಸಾರ್? ಮೊದಲು ಇದು ನೋಡೋಣ. ಆರಾಮ ಆಗೇ ಆಗುತ್ತೆ," ಎಂದೆ. ಮುಖ ಅರಳಿತು. ಆ ಮುಖ ನೆನಪಾದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಕ್ಲಾಸಿನಲ್ಲಿ ನಮಗೆ ಹಲವು ಪದ್ಧತಿ ಕಲಿಸಿದ್ದರು. ಒಬ್ಬರು ಬರೀ ಕೇಳು ಅನ್ನುವವರು. ಇನ್ನೊಬ್ಬರು ತಲೆಯಲ್ಲಿ ಓಡುವ ಯೋಚನೆಯನ್ನು ಹಿಡಿದು ಅದು ನಿಜವೇ ಎಂದು ಪ್ರಶ್ನಿಸು ಅನ್ನುವವರು. ಮತ್ತೊಬ್ಬರಿಗೆ ಮೈ ಸಡಿಲವಾದರೆ ಮನಸ್ಸೂ ಸಡಿಲ. ಒಂದನ್ನೇ ಹಿಡಿದು ಕೂರುವ ತಾಳ್ಮೆ ನನಗೆಲ್ಲಿ? ಎಲ್ಲವನ್ನೂ ಸೇರಿಸಿದೆ. ಮೊದಲ ಎರಡು ವಾರ ಕೇಳಿದೆ, ಅಂದರೆ ತುಟಿ ಕಚ್ಚಿಕೊಂಡು ಕೂತೆ. ಮೂರನೇ ವಾರ ಒಂದು ಹಾಳೆ ಕೊಟ್ಟು, ಏನಾಯಿತು, ಏನನ್ನಿಸಿತು, ಬೇರೆ ಹೇಗೆ ಯೋಚಿಸಬಹುದು ಎಂದು ಮೂರು ಕಾಲಂ ಬರೆಯಿರಿ ಎಂದೆ. ಜೊತೆಗೇ ಮೈ ಸಡಿಲಿಸುವ ಅಭ್ಯಾಸ: ಮುಷ್ಟಿ ಬಿಗಿ ಹಿಡಿದು ಬಿಡುವುದು, ಭುಜ ಕಿವಿಯವರೆಗೆ ಎತ್ತಿ ಇಳಿಸುವುದು, ಹಾಗೇ ಕಾಲ್ಬೆರಳಿನವರೆಗೆ. ಅದಕ್ಕೆ ಒಂದು ಅಂಕಪಟ್ಟಿ ಬೇರೆ ಮಾಡಿದೆ. ಅವರ ಮಾತನ್ನೇ ಬಳಸಬೇಕಲ್ಲ, ತಲೆಬರಹವಾಗಿ 'ಆರಾಮ' ಎಂದು ದಪ್ಪಕ್ಷರದಲ್ಲಿ ಬರೆದು, ಅಭ್ಯಾಸಕ್ಕೆ ಮುಂಚೆ ಎಷ್ಟು, ಆಮೇಲೆ ಎಷ್ಟು, ಸೊನ್ನೆಯಿಂದ ಹತ್ತರವರೆಗೆ ಹಾಕಿ ಎಂದೆ.

ಈ ಅಡುಗೆಯನ್ನು ಮೇಡಂ ಮುಂದೆ ಹೆಮ್ಮೆಯಿಂದ ಬಡಿಸಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಬಿಸಿಬೇಳೆಬಾತ್ ಆಗ್ಲಿ ಕಣೇ, ಚಿತ್ರಾನ್ನ ಆಗೋದು ಬೇಡ," ಎಂದರು. ಒಂದರಲ್ಲಿ ಎಲ್ಲ ಸೇರಿ ಬೇಯುತ್ತದೆ, ಇನ್ನೊಂದರಲ್ಲಿ ತಣ್ಣಗಿನ ಅನ್ನಕ್ಕೆ ಮೇಲಿಂದ ಕಲಸುತ್ತೀವಿ. ನನಗೆ ಅರ್ಥವಾಯಿತು, ನಾಟಲಿಲ್ಲ.

ಆ ಬಿಜಾಪುರದವರ ಶ್ರದ್ಧೆ ನೋಡಿ ನನಗೇ ನಾಚಿಕೆಯಾಗುವಂತಿತ್ತು. ಕಾಲಂಗಳನ್ನು ಸ್ಕೇಲು ಇಟ್ಟು, ಅಂಚು ಬಿಟ್ಟು ಗೀಚಿಕೊಂಡು ಬರುತ್ತಿದ್ದರು. ಗೆರೆ ಮಾತ್ರ ಸ್ಕೇಲಿನ ಪಕ್ಕದಲ್ಲೂ ನಡುಗಿರುತ್ತಿತ್ತು. ಯೋಚನೆಯ ಹಾಳೆಯಿಂದ ಸ್ವಲ್ಪ ಉಪಯೋಗವೂ ಆಯಿತು. ಹೆಂಡತಿಯ ಮೇಲೆ ಕೂಗುವ ಮುಂಚೆ ಹೊರಗೆ ಹೋಗಿ ಒಂದು ಸುತ್ತು ಹಾಕಿ ಬರುವುದನ್ನು ಅವರೇ ಕಂಡುಕೊಂಡರು. ಆದರೆ ಆರಾಮದ ಪಟ್ಟಿ ಮೇಲೇಳಲಿಲ್ಲ. ಮುಂಚೆ ಮೂರು, ಆಮೇಲೆ ಮೂರು. ಮುಂಚೆ ಎರಡು, ಆಮೇಲೆ ಎರಡು.

"ಹತ್ತು ನಿಮಿಷ ಮಾಡಿದ್ಮೇಲೂ ಒಂದು ಪಾಯಿಂಟ್ ಜಾಸ್ತಿ ಆಗಿಲ್ವಾ?" ಎಂದೆ.

"ಹತ್ತು ನಿಮಿಷದಾಗ ಹೆಂಗ ಆರಾಮ ಆಗ್ತದ್ರೀ?" ಎಂದು ಅವರೇ ನನ್ನನ್ನು ಕೇಳಿದರು. ಚೇಷ್ಟೆ ಇರಲಿಲ್ಲ ಆ ದನಿಯಲ್ಲಿ, ನಿಜವಾಗಿ ಆಶ್ಚರ್ಯವಿತ್ತು. ನಾನು ಪುಸ್ತಕದಲ್ಲಿ ಬರೆದುಕೊಂಡೆ: ಸಹಕರಿಸುತ್ತಿಲ್ಲ.

ಜನವರಿ ಕಳೆಯಿತು. ಒಂದು ಮಂಗಳವಾರ ಪಟ್ಟಿಯ ತುಂಬ ಒಂದುಗಳು. ಅವತ್ತು ಬನಶಂಕರಿ ಹತ್ತಿರ ಸ್ಕೂಟರು ಕೈಕೊಟ್ಟು ನನಗೆ ಮೊದಲೇ ತಲೆ ಕೆಟ್ಟಿತ್ತು. ಹಾಳೆಯನ್ನು ಮೇಜಿನ ಮೇಲೆ ತಟ್ಟಿ, "ನೀವು ಮನಸ್ಸಿಟ್ಟು ಮಾಡ್ತಿಲ್ಲ ಸಾರ್. ನಾನೊಬ್ಳೇ ಎಷ್ಟು ಅಂತ ಮಾಡ್ಲಿ?" ಎಂದುಬಿಟ್ಟೆ. ಸಮಾಲೋಚಕರು ಆಡಬಾರದ ಮಾತು ಅದು. ಬಾಯಿಂದ ಬಿದ್ದ ಕೂಡಲೇ ಗೊತ್ತಾಯಿತು, ಆದರೆ ತೆಗೆದುಕೊಳ್ಳಲಿಲ್ಲ. ಅವರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, "ಹೌದ್ರಿ, ತಪ್ಪು ನಂದs," ಎಂದರು. ಮುಂದಿನ ವಾರ ನಿಮ್ಮ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದೆ. ಮನೆಯವರನ್ನು ಕೂರಿಸಿ ಮಾತಾಡುವ ಪದ್ಧತಿ ಒಂದು ಬಾಕಿ ಉಳಿದಿತ್ತಲ್ಲ.

ಮುಂದಿನ ಮಂಗಳವಾರ ಅವರು ಮೊದಲು ಬಂದರು. ಹೆಂಡತಿ ಅರ್ಧ ಗಂಟೆ ತಡವಾಗಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ತಲೆಯ ಮೇಲೆ ಸೆರಗು ಹೊದ್ದಿದ್ದ, ನೋಡಿದರೆ ನಂಬಿಕೆ ಬರುವಂಥ ಹೆಂಗಸು. ಅವರಿಗೆ ಬರಲು ಮನಸ್ಸಿರಲಿಲ್ಲ ಎಂದು ನಾನು ಆಗಲೇ ತೀರ್ಮಾನಿಸಿ ಆಗಿತ್ತು.

"ತಪ್ಪು ತಿಳ್ಕೋಬ್ಯಾಡ್ರೀ ಅಕ್ಕಾರ, ಹೊತ್ತಾತು. ಸಣ್ಣಾಕಿಗೆ ಆರಾಮಿಲ್ರಿ. ಮೈ ಸುಡಾಕತ್ತಿತ್ತು, ದವಾಖಾನಿಗೆ ತೋರಿಸಿ, ಬಾಜೂ ಮನಿಯಾಗ ಬಿಟ್ಟು ಬಂದ್ನಿ."

ಕೆಳಗೆ ಮಿಲ್ಲು ಓಡುತ್ತಿತ್ತು. ನನ್ನ ಕಾಲು ಅಲ್ಲಿಗೇ ನಿಂತಿತು.

"ಏನಂದ್ರಿ? ಮಗಳಿಗೆ ಏನಿಲ್ಲ ಅಂದ್ರಿ?"

"ಆರಾಮಿಲ್ರಿ."

"ಆರಾಮಿಲ್ಲ ಅಂದ್ರೆ ಏನಮ್ಮಾ?"

ಆಕೆ ಗಂಡನ ಮುಖ ನೋಡಿದರು, ಇವರೇನು ಹೀಗೆ ಕೇಳುತ್ತಾರೆ ಎನ್ನುವಂತೆ. "ಆರಾಮಿಲ್ಲ ಅಂದ್ರ ಆರಾಮಿಲ್ರೀ. ಜಡ್ಡು. ಜ್ವರ ಬಂದಾವ."

ನಾನು ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು. ನಮಗೆ ಆರಾಮ ಎಂದರೆ ಊಟ ಮಾಡಿ ಕಾಲು ಚಾಚಿ ಕೂರುವುದು. ಹುಷಾರಿಲ್ಲದಿದ್ದರೆ ಹುಷಾರಿಲ್ಲ ಅನ್ನುತ್ತೀವಿ. ಆ ಕಡೆಯವರು ಹುಷಾರಿಲ್ಲ ಎನ್ನುವುದಕ್ಕೆ ಆರಾಮಿಲ್ಲ ಅನ್ನುತ್ತಾರೆಂದು ಎಲ್ಲೋ ಕೇಳಿರಲೂಬಹುದು, ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಅವರ ಕಡೆ ತಿರುಗಿದೆ. "ಮೊದಲನೇ ದಿನ ನೀವು ನನಗೆ ಹೇಳಿದ್ದು..."

"ಅದನ್ನs ಹೇಳಿದ್ನೆಲ್ರೀ ಮೇಡಂರೀ. ಜಡ್ಡು ಬಿದ್ದೀನಿ ಅಂತ. ನೀವು ಆರಾಮ ಆಗ್ತದ ಅಂದ್ರಿ."

ಆಗ ಕಣ್ಣು ಬಿಟ್ಟು ನೋಡಿದೆ. ಎರಡೂವರೆ ತಿಂಗಳಿಂದ ನನ್ನೆದುರು ಕೂತಿದ್ದ ಮನುಷ್ಯ. ಬೆಲ್ಟಿನಲ್ಲಿ ಮೊಳೆಯಿಂದ ಹೊಡೆದ ಎರಡು ಹೊಸ ತೂತು. ಫ್ಯಾನಿನ ಕೆಳಗೆ ಕೂತೂ ಅಂಗಿಯ ಬೆನ್ನು ಒದ್ದೆ. ಊಟ ಸೇರುತ್ತಾ ಎಂದು ಕೇಳಿದ್ದಕ್ಕೆ ಹೆಂಡತಿ ಹೇಳಿದರು, "ಮೊದಲಿಗಿಂತ ಎರಡು ರೊಟ್ಟಿ ಜಾಸ್ತೀನs ತಿಂತಾರ್ರಿ. ಆದ್ರೂ ಹಿಂಗ ಸೊರಗ್ಯಾರ." ಇದೆಲ್ಲ ನನ್ನ ಮುಂದೆಯೇ ಇತ್ತು. ನಾನು ಅವರ ಯೋಚನೆಗಳನ್ನು ಕಾಲಂ ಹಾಕಿಸುತ್ತಿದ್ದೆ.

ಅವತ್ತೇ ಇಬ್ಬರನ್ನೂ ಪಕ್ಕದ ಬ್ಲಾಕಿನಲ್ಲಿದ್ದ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೆಚ್ಚು ಮಾತಾಡಲಿಲ್ಲ. ಎಂಜಲು ನುಂಗಲು ಹೇಳಿ ಕತ್ತು ಮುಟ್ಟಿ ನೋಡಿದರು. ಎರಡೂ ಕೈ ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಹರಡಿದರು. ಹಾಳೆ ಪಟಪಟ ಎಂದು ನಡುಗಿತು. ಕಾಗದದ ಮೇಲೆ ಗೆರೆ ಎಳೆದು ಬದುಕುವ ಮನುಷ್ಯ ಆ ಕಾಗದವನ್ನೇ ನೋಡುತ್ತ ನಿಂತಿದ್ದರು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಎಷ್ಟು ದಿನದಿಂದ ಹೀಗಿದೆ?" ಎಂದರು ಡಾಕ್ಟರು. ಉತ್ತರ ನಾನು ಕೊಡಬೇಕಾಗಿತ್ತು.

ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು, ಕತ್ತಿನಲ್ಲಿರುವ ಥೈರಾಯಿಡ್ ಗ್ರಂಥಿ ಅಳತೆ ಮೀರಿ ಕೆಲಸ ಮಾಡುತ್ತಿತ್ತು. ಎದೆಬಡಿತ, ಬೆವರು, ನಿದ್ದೆಗೇಡು, ನಡುಕ, ಸಿಟ್ಟಿನಲ್ಲೂ ಸುಮಾರು ಪಾಲು ಅದರದೇ. ಮಾತ್ರೆ ಶುರುವಾಯಿತು. ಕೈ ಪೂರ್ತಿ ನಿಲ್ಲಲು ಎರಡು ತಿಂಗಳಾದರೂ ಬೇಕು ಎಂದರು. ಯುಗಾದಿಗೆ ಐದು ವಾರ ಉಳಿದಿತ್ತು. ಬೆರಳು ಮಡಚಿ ಮಡಚಿ ಎಣಿಸಿದೆ, ಹೇಗೆ ಎಣಿಸಿದರೂ ಐದೇ.

ಮೇಡಂಗೆ ಹೇಳಿದಾಗ ಅತ್ತೆ. ಬೈದಿದ್ದರೆ ಹಗುರವಾಗುತ್ತಿತ್ತು. "ಮೈಗೆ ಏನಾದ್ರೂ ಕಾಯಿಲೆ ಇದ್ಯಾ, ಡಾಕ್ಟರಿಗೆ ತೋರಿಸಿದೀರಾ ಅಂತ ಮೊದಲ ದಿನವೇ ಕೇಳ್ಬೇಕು ಅಂತ ನಾನೇ ಪಾಠ ಮಾಡಿದ್ದೆ. ಬೇಳೆ ಬೆಂದಿದ್ಯಾ ಅಂತ ನೋಡ್ದೆ ಹುಳಿಪುಡಿ ಹಾಕಿಬಿಟ್ಟೆ ನೀನು. ನೀನು ಬಂದು ಹೇಳ್ದಾಗ ನಾನೂ ಕೇಳ್ಲಿಲ್ಲ," ಎಂದರು. ನನಗೆ ಅವರು ಕೊಟ್ಟ ಶಿಕ್ಷೆ ಅಷ್ಟೇ. ಇವತ್ತಿಗೂ ನನ್ನ ಹಾಳೆಯ ಮೊದಲ ಸಾಲು ಆ ಪ್ರಶ್ನೆ.

ಎಂಜಿನಿಯರ ಬಳಿ ನಾನೇ ಹೋಗಿ ಮಾತಾಡಲಾ ಎಂದು ಬಿಜಾಪುರದವರನ್ನು ಕೇಳಿದೆ. ಬೇಡ್ರಿ ಎಂದರು. ತಾವೇ ಡಾಕ್ಟರ ಚೀಟಿ ತೋರಿಸಿದರಂತೆ. ಆತ ಒಳ್ಳೆಯ ಮಾತೇ ಆಡಿದರು, ಹಬ್ಬದ ಮಾರನೆಯ ವಾರ ಬೋರ್ಡನ್ನೂ ತೆಗೆಸಿದರು. ಇವರು ಆಮೇಲೆ ಕಂಪ್ಯೂಟರ್ ಡ್ರಾಯಿಂಗ್ ಕಲಿತು ಗೊಟ್ಟಿಗೆರೆ ಕಡೆ ಒಂದು ಸಣ್ಣ ಆಫೀಸು ಸೇರಿದರು. ಆ ಕಲಿಕೆಯ ಹೊತ್ತಿನಲ್ಲಿ ಮೂರು ಕಾಲಂ ಹಾಳೆಯೂ ಮುಷ್ಟಿ ಬಿಗಿಯುವ ಅಭ್ಯಾಸವೂ ನಿಜವಾಗಿ ಕೆಲಸಕ್ಕೆ ಬಂದವು. ಅದು ಮುಂದಿನ ಮಾತು. ನಾನು ಹೇಳಬೇಕಾಗಿರುವುದು ಮೇ ತಿಂಗಳ ಒಂದು ಶುಕ್ರವಾರದ್ದು.

ಕೆಲಸ ಹೋದ ಮೇಲೆ ಅವರು ಇನ್ನು ಈ ಮೆಟ್ಟಿಲು ಹತ್ತಲಾರರು ಎಂದೇ ತಿಳಿದಿದ್ದೆ. ಹತ್ತಿದರು. ಕೆನ್ನೆ ತುಂಬಿಕೊಂಡಿತ್ತು. ಕೂತ ಮೇಲೆ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದರು. ನನ್ನದೇ 'ಆರಾಮ' ಪಟ್ಟಿ, ಒಂದುಗಳ ಹಾಳೆ. ಅದನ್ನು ಬಿಡಿಸಿ, ಕೈ ಚಾಚಿ, ಬೆರಳುಗಳ ಮೇಲೆ ಹರಡಿಕೊಂಡರು. ಕೆಳಗೆ ಮಿಲ್ಲು ಓಡುತ್ತಿದ್ದರೂ ಹಾಳೆ ಕದಲಲಿಲ್ಲ.

"ಮೈ ಆರಾಮ ಆತ್ರಿ," ಎಂದರು. "ಈಗ ಸ್ಟ್ರೆಸ್ ಐತ್ರಿ. ನಿಮ್ಮ ಕೆಲಸ ಈಗ ಚಾಲೂ ಮಾಡ್ರಿ."

ನಗು ಬಂತು. ಈ ಸಲ ಮಾತನ್ನು ಹಿಡಿದುಕೊಂಡು ಓಡಲಿಲ್ಲ. "ಸ್ಟ್ರೆಸ್ ಅಂದ್ರೆ ನಿಮಗೆ ಏನಾಗುತ್ತೆ, ಅದನ್ನ ಹೇಳಿ," ಎಂದೆ.

"ಕುಂತ್ರೂ ನಿಂತ್ರೂ ಒಂದs ಮಾತು ತಲಿಯಾಗ ತಿರಗತೈತ್ರಿ. ನನ್ನ ಕೈಲೆ ಏನೂ ಆಗೂದಿಲ್ಲ ಅಂತ."

"ಯಾವಾಗಿನಿಂದ? ಕೆಲಸ ಹೋದಾಗಿನಿಂದಲಾ?"

ಅವರು ಅಲ್ಲವೆಂದು ತಲೆಯಾಡಿಸಿದರು. ಹಾಳೆಯನ್ನು ಮೊದಲಿನ ಮಡಿಕೆಯ ಗುರುತಿನ ಮೇಲೆಯೇ ನಿಧಾನವಾಗಿ ಮಡಚಿದರು.

"ಅದಕ್ಕೂ ಮದಲರೀ. ಖರೇ ಹೇಳ್ಲ್ಯಾ? ಮನಸ್ಸಿಟ್ಟು ಮಾಡ್ತಿಲ್ಲ ಅಂತ ಬೈದ್ರೆಲ್ರೀ ನೀವು, ಅವತ್ತಿಂದ. ನಾ ಮನಸ್ಸಿಟ್ಟs ಮಾಡಿದ್ನಿ, ಮೇಡಂರೀ."

"ಗೊತ್ತು ಸಾರ್. ತಪ್ಪು ನಂದು," ಎಂದೆ. ಕಾಲು ಅಲ್ಲಾಡಲು ಶುರುಮಾಡಿತ್ತು. ಎರಡೂ ಕೈಯಿಂದ ಮಂಡಿ ಒತ್ತಿ ಹಿಡಿದುಕೊಂಡು, "ಇನ್ನೂ ಹೇಳಿ," ಎಂದೆ.