ತೀರಿಹೋದ ಡಾಕ್ಟರ ಇಪ್ಪತ್ನಾಲ್ಕು ಗಂಟೆ

ಅಕ್ಕನ ತುಟಿ ನೀಲಿಯಾದದ್ದು ಈಗಲೂ ಕಣ್ಣ ಮುಂದೆ ಬರುತ್ತದೆ. ಹಲ್ಲುಜ್ಜುವಾಗ ಬರುತ್ತದೆ, ಬಸ್ಸಿಗೆ ಕಾಯುವಾಗ ಬರುತ್ತದೆ.

ಟೆರೇಸಿನಲ್ಲಿ ಬಟ್ಟೆ ತೆಗೆಯುವಾಗ ಅವಳಿಗೆ ಕಣಜ ಕಚ್ಚಿತ್ತು. ನೋಡುನೋಡುತ್ತಲೇ ಮುಖ ಊದಿ, ಉಸಿರು ಸಿಳ್ಳೆಯಂತೆ ಕೇಳತೊಡಗಿತು. ಬಿಕರ್ನಕಟ್ಟೆಗೆ ನಾವು ಬಾಡಿಗೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅಂಗಡಿ, ಆಸ್ಪತ್ರೆಗಳ ವಿಳಾಸ ಕೊಡುವ ಆ್ಯಪ್ ತೆರೆದೆ. ಹತ್ತಿರದಲ್ಲೇ ಒಂದು ಕ್ಲಿನಿಕ್, ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ ಎಂದಿತ್ತು.

ರಿಕ್ಷಾ ನಿಂತಲ್ಲಿ ಬೋರ್ಡು ಇತ್ತು. ಶಟರ್ ಎಳೆದಿತ್ತು. ಬಡಿದೆ. ಮೇಲಿನ ಮನೆಯಿಂದ ಡಾಕ್ಟರ ಹೆಂಡತಿ ಇಣುಕಿ, "ಅವರು ತೀರಿಹೋಗಿ ಎರಡು ಮಳೆಗಾಲ ಆಯ್ತು!" ಎಂದು ಕೂಗಿದರು. ಅಲ್ಲಿಂದ ಫಳ್ನೀರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ, ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದ ಅಕ್ಕನ ಕೈ ಸಡಿಲವಾಗಿತ್ತು. ಇಂಜೆಕ್ಷನ್ ಕೊಟ್ಟರು. ಉಳಿದಳು.

ಇನ್ನೊಬ್ಬರು ಆ ಶಟರ್ ಬಡಿಯಬಾರದೆಂದು ಆ್ಯಪಿನವರಿಗೆ ಬರೆದೆ. ಆ್ಯಪಿನಲ್ಲಿರುವ ಫೋಟೋದಲ್ಲಿ ಬೋರ್ಡು ಕಾಣುತ್ತಿದೆ, ಆದ್ದರಿಂದ ಕ್ಲಿನಿಕ್ ಇದೆ ಎಂದು ಉತ್ತರ ಬಂತು. ಅದು ಅವರ ನಿಯಮವಂತೆ. ಫೋನ್ ಮಾಡಿದೆ.

"ಓನರೇ ರಿಕ್ವೆಸ್ಟ್ ಕೊಡ್ಬೇಕು ಸರ್" ಎಂದಳು ಹುಡುಗಿ.

"ಅವರು ತೀರಿಹೋಗಿದ್ದಾರೆ."

"ಓಕೆ ಸರ್. ಅವರ ಮೊಬೈಲಿಗೆ ಒಂದು ಒಟಿಪಿ ಬರ್ತದೆ, ಅದನ್ನು ಕೇಳಿ ಹೇಳಿ."

ಮತ್ತೆ ಮತ್ತೆ ಬರೆದು ಸೋತು, ಡಾಕ್ಟರ ಮನೆಗೇ ಹೋಗಿ ಬೋರ್ಡು ತೆಗೆಸಿ ಎಂದೆ.

"ಇಪ್ಪತ್ನಾಲ್ಕು ಗಂಟೆ ಅಂತ ಹೇಳಿದ್ದು ಯಾರು ಮಾರಾಯ್ರೆ? ಇದ್ದಾಗಲೇ ಮಧ್ಯಾಹ್ನ ಮಲಗಿದ್ರೆ ನಾನು ಕರೆದ್ರೂ ಏಳ್ತಿರ್ಲಿಲ್ಲ" ಎಂದರು ಅವರ ಹೆಂಡತಿ. ಬೋರ್ಡಿನ ಮಾತಿಗೆ ಮಾತ್ರ ಮುಖ ಬಿಗಿಯಿತು. "ಅವರ ಹೆಸರು ಉಂಟು ಅದ್ರಲ್ಲಿ. ನಿಮ್ಮ ಮೊಬೈಲಿಗೋಸ್ಕರ ನಾನು ಯಾಕೆ ತೆಗೀಬೇಕು?"

ಅಕ್ಕನ ಕೈ ಸಡಿಲವಾದದ್ದನ್ನು ಹೇಳಿದೆ. ಅವರು ಒಳಗಿನಿಂದ ಸ್ಟೂಲ್ ತಂದುಕೊಟ್ಟರು.

ಬೋರ್ಡು ಬಿಚ್ಚಿ ಅವರ ಮನೆಯೊಳಗಿನ ಗೋಡೆಗೆ ಹಾಕಿದೆ. ಹೊರಗಿನ ಖಾಲಿ ಗೋಡೆಯ ಫೋಟೋ ಆ್ಯಪಿನವರಿಗೆ ಕಳಿಸಿದೆ. ಬೋರ್ಡು ಇಲ್ಲದ ಕಾರಣ ಇದು ಅದೇ ಸ್ಥಳವೆಂದು ಖಚಿತಪಡಿಸಲು ಆಗುವುದಿಲ್ಲ ಎಂದು ಉತ್ತರ. ಫೋನನ್ನು ರಸ್ತೆಗೆ ಎಸೆಯಬೇಕೆನಿಸಿತು.

ಮರುದಿನ ಪೈಂಟಿನ ಡಬ್ಬಿ ತಂದೆ. 'ಇಲ್ಲಿ ಡಾಕ್ಟರಿಲ್ಲ, ಫಳ್ನೀರಿಗೆ ಹೋಗಿ' ಎಂದು ಶಟರಿನ ಮೇಲೆ ಬರೆಯತೊಡಗಿದಾಗ ಡಾಕ್ಟರ ಹೆಂಡತಿ ಕೆಳಗಿಳಿದು ಬಂದು ನನ್ನ ಹಿಂದೆ ನಿಂತರು.

"ಎಂತದು ಇಷ್ಟು ಸಣ್ಣ ಅಕ್ಷರ? ಒರೆಸಿ, ದೊಡ್ಡದು ಬರೀರಿ. ರಿಕ್ಷಾದಿಂದ ಇಳಿಯದೆ ಓದ್ಲಿಕ್ಕೆ ಆಗ್ಬೇಕು."