ಸ್ಕ್ರಮ್ ಕುಸಿದ ಶನಿವಾರ

ಗಂಡಿನ ಕಡೆಯವರು ನನ್ನನ್ನು ನೋಡಲು ಶನಿವಾರ ಬರುತ್ತಾರೆ ಎಂದು ಅಮ್ಮ ಹೇಳಿದಾಗ ಅಪ್ಪ ಹುಡುಗನ ಕೆಲಸ ಕೇಳಲಿಲ್ಲ, ಜಾತಕ ಕೇಳಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿ, “ಭಾನುವಾರ ಆಗುದಿಲ್ವಾ?” ಎಂದರು.

“ಜೋಯಿಸರು ಹೇಳಿದ್ದು ಶನಿವಾರ. ಹತ್ತೂವರೆಗೆ ರಾಹುಕಾಲ ಮುಗೀತದೆ. ಒಂದೂವರೆಯ ಒಳಗೆ ಮಾತುಕತೆ ಎಲ್ಲ ಆಗ್ಬೇಕು. ಎಂತ, ನಿಮಗೆ ಶನಿವಾರ ಆಫೀಸು ಉಂಟಾ?”

ಆಫೀಸು ಇರಲಿಲ್ಲ. ರಗ್ಬಿ ಇತ್ತು. ನ್ಯೂಜಿಲೆಂಡಿನಲ್ಲಿ ಸಂಜೆ ಆಡಿದರೆ ನಮ್ಮ ಪುಂಜಾಲಕಟ್ಟೆಯಲ್ಲಿ ನಡು ಮಧ್ಯಾಹ್ನ, ಹನ್ನೆರಡೂವರೆ ದಾಟಿದ ಹೊತ್ತು. ಆ ಶನಿವಾರ ಅಲ್ಲಿ ಆಡಲು ಹೋಗಿದ್ದದ್ದು ದಕ್ಷಿಣ ಆಫ್ರಿಕಾ. ನಮ್ಮಪ್ಪನಿಗೆ ದಕ್ಷಿಣ ಆಫ್ರಿಕಾ ಎಂದರೆ ಪ್ರಾಣ.

ಅಪ್ಪ ಇಪ್ಪತ್ತು ವರ್ಷ ದುಬೈಯ ಒಂದು ಕ್ಲಬ್ಬಿನ ಮೈದಾನದಲ್ಲಿ ಹುಲ್ಲಿಗೆ ನೀರು ಬಿಡುವ, ಸುಣ್ಣದ ಗೆರೆ ಎಳೆಯುವ ಕೆಲಸದಲ್ಲಿದ್ದವರು. ಅಲ್ಲಿ ರಗ್ಬಿ ಕಲಿಸುತ್ತಿದ್ದ ದಕ್ಷಿಣ ಆಫ್ರಿಕಾದ ದಢೂತಿ ಕೋಚೊಬ್ಬ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಟ ವಿವರಿಸುತ್ತಿದ್ದನಂತೆ. ಊರಿಗೆ ಮರಳುವಾಗ ಬೇರೆಯವರು ಚಿನ್ನ ತಂದರು, ನಮ್ಮಪ್ಪ ಈ ಹುಚ್ಚು ತಂದರು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಹುಡುಕಿದರೂ ರಗ್ಬಿ ಮಾತಾಡಲು ಒಬ್ಬ ಮನುಷ್ಯ ಸಿಗಲಿಲ್ಲ. ಕಬಡ್ಡಿ ಎಂದರೆ ಜನ ಅಂಗಡಿ ಬಾಗಿಲು ಹಾಕಿ ಬರುತ್ತಾರೆ. ರಗ್ಬಿ ಎಂದರೆ, “ಅದು ಆ ಮೊಟ್ಟೆಯ ಹಾಗಿನ ಚೆಂಡಿನದ್ದಾ?” ಕೊನೆಗೆ ಆರನೇ ಕ್ಲಾಸಿನಲ್ಲಿದ್ದ ನನ್ನನ್ನು ಹಿಡಿದು ಟಿವಿ ಮುಂದೆ ಕೂರಿಸಿದರು.

ಕಲಿಸಿದ್ದು ಅವರೇ, ಆದರೆ ಅಭಿಪ್ರಾಯ ನನ್ನ ಸ್ವಂತದ್ದು. ಅಪ್ಪನ ಪ್ರಕಾರ ರಗ್ಬಿ ಎಂದರೆ ಸ್ಕ್ರಮ್: ಎರಡೂ ಕಡೆಯ ಎಂಟೆಂಟು ಮಂದಿ ತಲೆ ತಗ್ಗಿಸಿ, ಭುಜಕ್ಕೆ ಭುಜ ಸಿಕ್ಕಿಸಿ, ನಡುವೆ ಹಾಕಿದ ಚೆಂಡಿಗಾಗಿ ತಳ್ಳುವುದು. “ತಳ್ಳಲಿಕ್ಕೆ ಗೊತ್ತಿಲ್ಲದವ ಓಡಿ ಎಂತ ಮಾಡ್ತಾನೆ?” ಎನ್ನುತ್ತಿದ್ದರು. ನನಗೆ ಫ್ರಾನ್ಸ್ ಇಷ್ಟ. ಅವರು ಒಂದು ವಾರ ಗಂಧರ್ವರಂತೆ ಆಡುತ್ತಾರೆ, ಮರುವಾರ ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ತಂದವರ ಹಾಗೆ. ಅಮ್ಮನಿಗೆ ಐರ್ಲೆಂಡ್, ಯಾಕೆಂದರೆ ಅಂಗಿಯ ಹಸಿರು ಚಂದ. ಈ ಮೂರು ಪಕ್ಷಗಳ ನಡುವೆ ನಮ್ಮ ಮನೆಯಲ್ಲಿ ಶನಿವಾರದ ಜಗಳಕ್ಕೆ ಸೌಟು ಕೂಡ ಸದ್ದು ಮಾಡುತ್ತಿತ್ತು.

ಇನ್ನು ಅಜ್ಜಿ! ನ್ಯೂಜಿಲೆಂಡಿನವರು ಪಂದ್ಯಕ್ಕೆ ಮುಂಚೆ ತೊಡೆ ತಟ್ಟಿ, ಕಣ್ಣರಳಿಸಿ, ನಾಲಗೆ ಚಾಚಿ ಹಾಕಾ ಕುಣಿಯುವುದನ್ನು ಮೊದಲ ಸಲ ಕಂಡದ್ದೇ, ಅಜ್ಜಿ ಕುರ್ಚಿಯಿಂದ ಎದ್ದು ಸೆರಗು ಹೊದ್ದು ಕೈಮುಗಿದಳು. ಅದು ದರ್ಶನ ಬಂದದ್ದೆಂದು ಅವಳ ಲೆಕ್ಕ. “ದೈವ ಮೈಮೇಲೆ ಬಂದವರ ಎದುರು ತಳ್ಳಾಟಕ್ಕೆ ಹೋಗುದಾ? ನಿನ್ನ ಆಫ್ರಿಕಾದವರಿಗೆ ಹೇಳುವವರು ಕೇಳುವವರು ಯಾರೂ ಇಲ್ವಾ?” ಎಂದು ಅಪ್ಪನಿಗೆ ಬೈದಳು. ಆಮೇಲೆ ಎಷ್ಟೋ ಆಟಗಾರರು ಬದಲಾದರು, ಟಿವಿ ಬದಲಾಯಿತು, ಅಜ್ಜಿ ಕೈಮುಗಿಯುವುದು ಮಾತ್ರ ನಿಲ್ಲಲಿಲ್ಲ.

ಈಗ ಹುಡುಗನ ವಿಷಯ. ಜೋಯಿಸರು ತಂದ ಸಂಬಂಧ ಎಂದು ಹಿರಿಯರೆಲ್ಲ ನಂಬಿದ್ದರು. ಜೋಯಿಸರವರೆಗೆ ಅದನ್ನು ಸಾಗಿಸಿದವರು ನಾವಿಬ್ಬರು. ನಾನು ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ತಲೆ ಎತ್ತಿದರೆ, ಟಿವಿಯಲ್ಲಿ ರಗ್ಬಿ! ಹಾಸ್ಟೆಲಿನ ಹುಡುಗರು “ಅಣ್ಣಾ, ಕ್ರಿಕೆಟ್ ಹಾಕ್ರೀ” ಎಂದು ಗೋಗರೆಯುತ್ತಿದ್ದರು. ಅಷ್ಟರಲ್ಲಿ ಒಬ್ಬ ಆಟಗಾರ ಚೆಂಡನ್ನು ಕೈಜಾರಿಸಿ ಮುಂದಕ್ಕೆ ಬೀಳಿಸಿದ. “ನಾಕ್ ಆನ್! ರೆಫ್ರಿ ನಿದ್ದೆ ಮಾಡ್ತಿದ್ದಾನಾ?” ಎಂದು ಬಾಯಿ ತುಂಬ ಬಜೆ ಇಟ್ಟುಕೊಂಡೇ ಕೂಗಿಬಿಟ್ಟೆ. ಗಲ್ಲಾದಲ್ಲಿ ಕೂತಿದ್ದ ಹುಡುಗ ಚಿಲ್ಲರೆ ಕೊಡುವುದನ್ನು ಮರೆತು ನನ್ನನ್ನೇ ನೋಡಿದ. ಅಷ್ಟೇ, ನನ್ನ ಕಥೆ ಮುಗಿಯಿತು. ಅಲ್ಲಿಂದ ಮೂರು ವರ್ಷ ಗೋಳಿಬಜೆ ತಿಂದೆ.

ಹೋಟೆಲು ಅವನ ಅಪ್ಪನದ್ದು, ಮನೆ ಪುತ್ತಿಗೆಯಲ್ಲಿ. ಅವರೂ ಗಲ್ಫಿನಿಂದ ಮರಳಿದವರೇ. ಅಲ್ಲಿ ನ್ಯೂಜಿಲೆಂಡಿನ ಮ್ಯಾನೇಜರನ ಕೈಕೆಳಗೆ ಇದ್ದರು, ಸಹವಾಸ ದೋಷ ಹಿಡಿದಿತ್ತು. ಅವರಿಗೆ ರಗ್ಬಿ ಎಂದರೆ ಓಟ, ಕೈಯಿಂದ ಕೈಗೆ ಚೆಂಡು ಹಾರುವ ಚಂದ. ಸುಮ್ಮನೆ ಆಕಾಶಕ್ಕೆ ಚೆಂಡು ಒದೆಯುವ ದಕ್ಷಿಣ ಆಫ್ರಿಕಾದವರನ್ನು ಕಂಡರೆ ಮೈ ಉರಿ. ಅವರ ಪರವಾಗಿ ಒಂದು ಮಾತಾಡಿದ ಎಂಬ ಕಾರಣಕ್ಕೆ ಸ್ವಂತ ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೋಗದ ಮನುಷ್ಯ! ನಮ್ಮಪ್ಪನಾದರೂ ಕಡಿಮೆಯೇ? ನ್ಯೂಜಿಲೆಂಡಿನಿಂದ ಬಂದ ಹಣ್ಣು ಎಂದು ಗೊತ್ತಾಗಿ ಕಿವಿ ಹಣ್ಣನ್ನು ಅಂಗಡಿಗೇ ವಾಪಸು ಕೊಟ್ಟು ಬಂದವರು.

ಈ ಇಬ್ಬರ ನಡುವೆ ನಮ್ಮ ಮದುವೆ ನಿಂತಿತ್ತು. ನನಗೆ ಆ ಹುಡುಗನೇ ಬೇಕಿತ್ತು, ಬೇರೆ ಯಾರೂ ಬೇಡ. ಹಾಗಾಗಿ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ವೀಳ್ಯ ಬದಲಾಗಿ ಸಂಬಂಧ ಗಟ್ಟಿಯಾಗುವ ತನಕ ರಗ್ಬಿಯ ಸುದ್ದಿಯೇ ಬರಬಾರದು. “ಅವರಿಗೆ ರಗ್ಬಿ ಅಂದ್ರೆ ಎಂತಾಂತ ಗೊತ್ತಿಲ್ಲ ಅಪ್ಪಾ, ನಗ್ತಾರೆ. ದಮ್ಮಯ್ಯ, ಬಾಯಿ ಬಿಡ್ಬೇಡಿ,” ಎಂದು ನಾನು ಅಪ್ಪನಿಗೆ ಹೇಳಿದೆ. ಅದೇ ಸುಳ್ಳನ್ನು ಅವನು ಅವನ ಅಪ್ಪನಿಗೆ ಹೇಳಿದ.

ಶನಿವಾರ ಹನ್ನೊಂದೂವರೆಗೆ ಕಾರು ಬಂತು. ಹುಡುಗ, ಅವನ ಅಪ್ಪ, ಅವನ ಅಮ್ಮ. ನಾನು ರೇಷ್ಮೆ ಸೀರೆ ಉಟ್ಟು, ಬೆಲ್ಲ-ನೀರು ಕೊಟ್ಟು, ನೆಲ ನೋಡುತ್ತಾ ಕೂತೆ. ಹುಡುಗನ ಅಮ್ಮ ನನ್ನ ಹತ್ತಿರ ಅಡುಗೆಯ ವಿಷಯ ಕೇಳಿದರು. ಅಪ್ಪಂದಿರು ರಬ್ಬರಿನ ರೇಟು, ಮೂಡುಬಿದಿರೆಯ ಟ್ರಾಫಿಕ್ಕು ಎಂದು ಸಭ್ಯರಾಗಿ ಮಾತಾಡಿದರು. ಇಬ್ಬರೂ ಎರಡು ನಿಮಿಷಕ್ಕೊಮ್ಮೆ ಗೋಡೆಯ ಗಡಿಯಾರ ನೋಡುತ್ತಿದ್ದುದು ನನಗೂ ಹುಡುಗನಿಗೂ ಮಾತ್ರ ಅರ್ಥವಾಗುತ್ತಿತ್ತು.

ಹನ್ನೆರಡೂವರೆಗೆ ಅಪ್ಪ ಎದ್ದರು. “ದನಕ್ಕೆ ಹುಲ್ಲು ಹಾಕಿ ಬರ್ತೇನೆ.”

ನಾವು ದನ ಮಾರಿ ಎರಡು ವರ್ಷ ಆಗಿತ್ತು.

ಅಪ್ಪ ಆಚೆ ಹೋದದ್ದೇ ಹುಡುಗನ ಅಪ್ಪನೂ ಎದ್ದರು. “ಹೋಟೆಲಿಗೆ ಒಂದು ಫೋನು ಮಾಡ್ಲಿಕ್ಕುಂಟು. ಇಲ್ಲಿ ರೇಂಜ್ ಎಲ್ಲಿ ಸಿಗ್ತದೆ?”

ಅಮ್ಮ, ಪಾಪ, ಕೈ ಮಾಡಿ ತೋರಿಸಿದಳು. “ಹಿಂದೆ, ರಬ್ಬರ್ ಶೀಟ್ ಒಣಹಾಕಿದಲ್ಲಿ. ನಮ್ಮ ಇಡೀ ಜಾಗದಲ್ಲಿ ಸಿಗುದು ಅಲ್ಲಿ ಮಾತ್ರ.”

ಅಪ್ಪ ಮೊಬೈಲು ಹಿಡಿದು ಹೋದದ್ದೂ ಅಲ್ಲಿಗೇ. ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ತಡೆಯುವುದು ಹೇಗೆ? ಅವನ ಅಮ್ಮ ನನ್ನ ಕೈ ಹಿಡಿದುಕೊಂಡು ಮನೋಳಿ ಪಲ್ಯಕ್ಕೆ ಕಡ್ಲೆ ಎಷ್ಟು ಹೊತ್ತು ನೆನೆಹಾಕಬೇಕೆಂದು ವಿವರಿಸುತ್ತಿದ್ದರು. ಕಾಲು ಗಂಟೆ ಹಿತ್ತಿಲಿನಿಂದ ಉಸಿರು ಇಲ್ಲ. ಎಲ್ಲೋ ದೇವರು ಕಾಪಾಡಿದ ಎಂದುಕೊಳ್ಳುವಷ್ಟರಲ್ಲಿ ಬೊಬ್ಬೆ ಎದ್ದಿತು.

“ಸಾಧ್ಯವೇ ಇಲ್ಲ! ನಾನು ಒಪ್ಪುದಿಲ್ಲ!”

“ಒಪ್ಪದಿದ್ರೆ ಬಿಡಿ ಮಾರಾಯ್ರೆ, ಕಣ್ಣಿಗೆ ಕಾಣ್ತದಲ್ಲ!”

ಹುಡುಗನ ಅಮ್ಮ ಎದೆಗೆ ಕೈ ಇಟ್ಟರು. “ಎಂತಾಯ್ತು? ಬರಿ ಒಂದೇ ಅಂತ ಗೊತ್ತಾಯ್ತಾ?” ಬರಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಬಳಿ. ಒಂದೇ ಬರಿಯಾದರೆ ಗಂಡು-ಹೆಣ್ಣು ಅಣ್ಣ-ತಂಗಿಯ ಲೆಕ್ಕ, ಸಂಬಂಧ ಅಲ್ಲಿಗೇ ಬರಖಾಸ್ತು. ನಮ್ಮಮ್ಮ ದಡಬಡಿಸಿ ಎದ್ದಳು. “ಇಲ್ಲ ಇಲ್ಲ, ಬರಿ ನಾನೇ ಕೇಳಿದ್ದೇನೆ, ಬೇರೆ ಬೇರೆ!” ಎನ್ನುತ್ತಾ ಓಡಿದಳು. ನಾವೆಲ್ಲ ಹಿಂದಿನಿಂದ ಓಡಿದೆವು.

ಸಾಲು ರಬ್ಬರ್ ಶೀಟುಗಳ ನಡುವೆ ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನು ಮೇಲೆತ್ತಿ ಕಟ್ಟಿ, ಅರುವತ್ತು ದಾಟಿದ ಇಬ್ಬರು ಗಂಡಸರು ತಲೆ ತಗ್ಗಿಸಿ ಭುಜಕ್ಕೆ ಭುಜ ಕೊಟ್ಟು ನಿಂತಿದ್ದರು. ಪಕ್ಕದ ಕಲ್ಲಿನ ಮೇಲೆ ಅಪ್ಪನ ಮೊಬೈಲು ತನ್ನಷ್ಟಕ್ಕೆ ಪಂದ್ಯ ತೋರಿಸುತ್ತಿತ್ತು.

“ನಿಮ್ಮವ ಕೈ ಹೀಗೆ ಹಿಡೀಬೇಕಿತ್ತು,” ಅಪ್ಪ ಅವರ ಅಂಗಿ ಹಿಡಿದು ತೋರಿಸಿದರು. “ಹಿಡಿತ ಬಿಟ್ಟ. ಅದಕ್ಕೇ ಸ್ಕ್ರಮ್ ಕುಸಿದದ್ದು!”

“ನಿಮ್ಮವರು ಚೆಂಡು ಒಳಗೆ ಬರುವ ಮೊದಲೇ ತಳ್ಳಿದ್ರೆ ನಮ್ಮವ ಎಂತ ಹಿಡಿಯುದು? ನಿಮ್ಮ ತಲೆಯನ್ನಾ?”

“ರೆಫ್ರಿ ಪೆನಾಲ್ಟಿ ಕೊಟ್ಟದ್ದು ನಮಗೆ!”

“ಹೀಗೆ ತಳ್ಳಿದ್ದು ನಿಮ್ಮವ, ಹೀಗೆ!”

ಹುಡುಗನ ಅಪ್ಪ ತಳ್ಳಿಯೇ ಬಿಟ್ಟರು. ಅಪ್ಪ ಬಿಡುತ್ತಾರೆಯೇ? ತಿರುಗಿ ತಳ್ಳಿದರು. ಇಬ್ಬರೂ ಒಟ್ಟಿಗೆ ಬಿದಿರಿನ ಗಳುವಿಗೆ ಬಿದ್ದರು, ಗಳು ಮುರಿಯಿತು, ಇಡೀ ಸಾಲಿನ ಶೀಟುಗಳು ಅವರ ಮೇಲೆ ಬಿದ್ದವು. ಆ ನಾತದ ರಾಶಿಯ ಅಡಿಯಿಂದ ಎರಡು ಧ್ವನಿಗಳು ಇನ್ನೂ ವಾದಿಸುತ್ತಿದ್ದವು. ನನಗೆ ನಗು ತಡೆಯಲಾಗಲಿಲ್ಲ. ಮದುವೆ ಮುರಿಯುವ ಹೊತ್ತಿನಲ್ಲಿ ನಗುವವಳು ನಾನೊಬ್ಬಳೇ ಇರಬೇಕು.

ಆದರೆ ಎದ್ದು ನಿಂತ ಮೇಲೆ ಅಪ್ಪ ಆಡಬಾರದ ಮಾತಾಡಿದರು. “ಕುಣಿಯುದರಲ್ಲಿ ಇರುವ ಶಕ್ತಿ ನಿಮ್ಮವರಿಗೆ ಆಟದಲ್ಲಿ ಇಲ್ಲ.”

ಹುಡುಗನ ಅಪ್ಪನ ಮುಖ ಕೆಂಪಾಯಿತು. ಪಂಚೆ ಕೊಡವಿಕೊಂಡರು. “ಹೆಣ್ಣು ನೋಡಿದ್ದು ಸಾಕು. ಹೋಗುವ,” ಎಂದು ಸೀದಾ ಕಾರಿನ ಕಡೆ ನಡೆದರು. ಹುಡುಗ “ಅಪ್ಪಾ, ಅಪ್ಪಾ” ಎನ್ನುತ್ತಾ ಹಿಂದೆ ಹೋದ. ಕಾರು ಗೇಟು ದಾಟಿದರೆ ಮುಗಿಯಿತು ಎಂದು ನನಗೆ ಗೊತ್ತಿತ್ತು.

ಕಾರಿನ ಬಾಗಿಲಿಗೆ ಅಡ್ಡ ನಿಂತವಳು ಅಜ್ಜಿ. ಗಲಾಟೆಯ ನಡುವೆ ಅವಳೊಬ್ಬಳೇ ಒಳಗೆ ಎಲೆ ಹಾಕಿ ಮುಗಿಸಿದ್ದಳು. “ಅನ್ನ ಬಡಿಸಿ ಆಗಿದೆ. ಬಡಿಸಿದ ಎಲೆ ಬಿಟ್ಟು ನಮ್ಮ ಜಗಲಿ ಇಳಿದವರು ಇಷ್ಟರವರೆಗೆ ಯಾರೂ ಇಲ್ಲ. ಉಂಡು, ಆಮೇಲೆ ಸಂಬಂಧ ಬೇಡ ಅಂತ ಹೇಳಿ. ಅಡ್ಡಿಲ್ಲ.”

ಬಡಿಸಿದ ಎಲೆಯನ್ನು ದಾಟುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ಅವರು ಬಾಗಿಲಿನ ಮೇಲೆ ಕೈ ಇಟ್ಟು ಅಲ್ಲೇ ನಿಂತರು. ಉಂಡು ಹೋದರೂ ಹೋಗುವುದು ಹೋಗುವುದೇ ಅಲ್ಲವೇ? ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೆಳಗ್ಗೆಯಿಂದ ನೆಲ ನೋಡಿ ಕೂತದ್ದೇ ಹೆಚ್ಚು. ಹಿತ್ತಿಲಿಗೆ ಓಡಿ, ಮೊಬೈಲು ಎತ್ತಿಕೊಂಡು, ಆಟವನ್ನು ಹಿಂದಕ್ಕೆ ಸರಿಸಿ, ಆ ಬಿಸಿಲಿನಲ್ಲಿ ರೇಷ್ಮೆ ಸೀರೆಯಲ್ಲಿ ನಿಂತು ಮೊದಲಿಂದ ಬೇಗ ಬೇಗ ಓಡಿಸಿ ನೋಡಿದೆ. ಸ್ಕ್ರಮ್ಮನ್ನು ಮೂರು ಸಲ ನೋಡಿದೆ. ಆಮೇಲೆ ಬಂದು ಇಬ್ಬರ ನಡುವೆ ನಿಂತೆ.

“ಅಪ್ಪಾ, ನ್ಯೂಜಿಲೆಂಡಿನವ ಹಿಡಿತ ಬಿಟ್ಟದ್ದು ಹೌದು. ಆದ್ರೆ ಅದು ಎರಡನೆಯದ್ದು. ಮೊದಲು ತಳ್ಳಿದ್ದು ದಕ್ಷಿಣ ಆಫ್ರಿಕಾ. ರೆಫ್ರಿ ತಪ್ಪು. ನ್ಯೂಜಿಲೆಂಡಿಗೆ ಫ್ರೀ ಕಿಕ್ ಆಗ್ಬೇಕಿತ್ತು.”

ಹುಡುಗನ ಅಪ್ಪ ಬಾಯಿ ತೆರೆದು ನನ್ನನ್ನೇ ನೋಡಿದರು. ಅಪ್ಪನ ದನಿ ಇಳಿಯಿತು. “ಇಷ್ಟು ಬೇಗ ಆ ಕಡೆ ಹೋದ್ಯಾ ಮಗಾ?”

“ಯಾವ ಕಡೆಯೂ ಇಲ್ಲ. ಮಾವ, ನೀವೂ ಹಿಗ್ಗಬೇಡಿ. ಐದನೇ ನಿಮಿಷದಲ್ಲಿ ನಿಮ್ಮವರು ಚೆಂಡನ್ನು ಗೆರೆಯಾಚೆ ಊರಿ ಟ್ರೈ ಮಾಡಿದ್ರಲ್ಲ, ಅದಕ್ಕೆ ಮೊದಲಿನ ಪಾಸು ಮುಂದಕ್ಕೆ ಹೋಗಿದೆ. ಪಾಸು ಹಿಂದಕ್ಕೆ ಮಾತ್ರ ಕೊಡ್ಲಿಕ್ಕಿರುದು. ಹಾಗಾಗಿ ಆ ಟ್ರೈಯೂ ಇಲ್ಲ. ಮತ್ತೆ ಇನ್ನೊಂದು ಕೇಳಿ. ನಾವಿಬ್ಬರು ಮೂರು ವರ್ಷದಿಂದ ಗುರುತು. ನನಗೆ ಇವನೇ ಆಗ್ಬೇಕು. ಪಂದ್ಯ ಯಾರು ಬೇಕಾದ್ರೂ ಗೆಲ್ಲಲಿ!”

ಅಮ್ಮ ತಲೆಯ ಮೇಲೆ ಕೈ ಹೊತ್ತಳು. ಮೊದಲು ನಕ್ಕದ್ದು ಹುಡುಗನ ಅಮ್ಮ, ಕಣ್ಣಲ್ಲಿ ನೀರು ಬರುವ ಹಾಗೆ. ಹುಡುಗನ ಅಪ್ಪ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡರು. ಅದನ್ನು ಮೂಗಿಗೆ ತಾಗಿಸಿ ಆ ಪಾಸು ನೋಡಿದರು, ಮತ್ತೊಮ್ಮೆ ನೋಡಿದರು.

“ಈ ಹುಡುಗಿ ಮನೆಗೆ ಬಂದ್ರೆ ನನಗೆ ಇನ್ನು ನೆಮ್ಮದಿಯಲ್ಲಿ ಒಂದು ಪಂದ್ಯ ನೋಡ್ಲಿಕ್ಕಿಲ್ಲ,” ಎಂದು ಗೊಣಗಿದರು. ಕಾರಿನ ಬಾಗಿಲು ಹಾಕಿದರು. “ಆಯ್ತು, ಬರ್ಲಿ. ಎಲೆ ಎಲ್ಲುಂಟು?”

ನಾನು ನೆಲದ ಮೇಲೆ ಇರಲಿಲ್ಲ. ಪಾಯಸಕ್ಕೆ ಉಪ್ಪು ಹಾಕದೆ ಬಿಟ್ಟದ್ದೇ ಪುಣ್ಯ. ಅಪ್ಪಂದಿರಿಬ್ಬರೂ ಮೈಯೆಲ್ಲ ರಬ್ಬರಿನ ನಾತ ಹೊಡೆಯುತ್ತಾ ಅಕ್ಕಪಕ್ಕ ಕೂತು ಉಂಡರು. ಅಜ್ಜಿ ಬೇಡ ಎಂದರೂ ಬಿಡದೆ ಬೀಗರ ಎಲೆಗೆ ಎರಡು ಸೌಟು ಪಾಯಸ ಹೆಚ್ಚಿಗೆ ಸುರಿದಳು, ಅವರ ಪಕ್ಷದ ದೈವದ ಮೇಲಿನ ಭಕ್ತಿಯಿಂದ. ಒಂದೂವರೆಗೆ ಐದು ನಿಮಿಷ ಇರುವಾಗ ವೀಳ್ಯ ಬದಲಾಯಿತು. ಆಮೇಲೆ ಯಾರ ಮುಲಾಜೂ ಇಲ್ಲ. ಚಾವಡಿಯ ಟಿವಿ ಹಾಕಿ ಎಲ್ಲರೂ ಎರಡನೆಯ ಅರ್ಧಕ್ಕೆ ಕೂತರು.

ನಾನು ಎಲೆ ಎತ್ತಿ ಹಿಂದೆ ಹೋದಾಗ ಅಪ್ಪ ಒಬ್ಬರೇ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಎಷ್ಟು ಹೊತ್ತಿನಿಂದ ತೊಳೆಯುತ್ತಿದ್ದರೋ.

“ಮೊದಲು ತಳ್ಳಿದ್ದು ನಮ್ಮವರೇ ಮಗಾ. ನನಗೆ ಆಗ್ಲೇ ಕಂಡಿತ್ತು.”

“ಮತ್ತೆ ಎಂತಕ್ಕೆ ಅಪ್ಪಾ ಅಷ್ಟು ವಾದ?”

ಅಪ್ಪ ನಲ್ಲಿ ನಿಲ್ಲಿಸಿದರು. “ಅವರು ಎದ್ದು ಹೋದ್ರೆ ಹೋಗ್ಲಿ ಅಂತ ಒಂದು ಗಳಿಗೆ ಅನ್ನಿಸಿತು. ನೀನು ಹೋದ್ರೆ ಶನಿವಾರ ನಾನು ಯಾರ ಹತ್ತಿರ ಜಗಳ ಮಾಡುದು?”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅಳು ಬಂತು. ಪುತ್ತಿಗೆ ಎಂದರೆ ಬಸ್ಸಿನಲ್ಲಿ ಏನು ಮಹಾ ದೂರ, ವಾರಕ್ಕೊಮ್ಮೆ ಬರುತ್ತೇನೆ ಎಂದು ಹೇಳಲು ಹೊರಟೆ, ಅಷ್ಟರಲ್ಲಿ ಒಳಗಿನಿಂದ ಹುಡುಗನ ಅಪ್ಪನ ಗರ್ಜನೆ ಕೇಳಿತು. “ಮಾರಾಯ್ರೇ, ಬನ್ನಿ! ನಿಮ್ಮವರು ಮತ್ತೆ ಒದ್ದರು ಚೆಂಡನ್ನು!”

ಅಪ್ಪ ಓಡಲು ಒಂದು ಹೆಜ್ಜೆ ಇಟ್ಟವರು ನಿಂತರು. “ಬಾ ಮಗಾ. ಇವತ್ತೊಂದು ದಿನ ನನ್ನ ಕಡೆ ಕೂತ್ಕೋ.”

ಹೋಗಿ ಅಪ್ಪನ ಪಕ್ಕದಲ್ಲಿ ಕೂತೆ. ಎದುರಿನ ಬೆಂಚಿನಲ್ಲಿ ನನ್ನ ಹುಡುಗ ಅವನ ಅಪ್ಪನ ಪಕ್ಕದಲ್ಲಿದ್ದ. ಆ ದಿನ ನಾನು ಜೀವಮಾನದಲ್ಲಿ ಮೊದಲ ಸಲ ದಕ್ಷಿಣ ಆಫ್ರಿಕಾ ಗೆಲ್ಲಲಿ ಎಂದು ಕೂಗಿದೆ, ಗಂಟಲು ಹರಿಯುವ ಹಾಗೆ.